ರಸ್ತೆ ಅಪಘಾತಗಳಲ್ಲಿ ಚಾಲಕರ ಗಮನಭಂಗ: ಗುರುತಿಸುವಿಕೆ ಮತ್ತು ದಾಖಲಾತಿ (ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು)

ಪೀಠಿಕೆ

ರಸ್ತೆ ಅಪಘಾತ ಪ್ರಕರಣಗಳ ಪ್ರಥಮ ವರ್ತಮಾನ ವರದಿಯಲ್ಲಿ ಸಾಮಾನ್ಯವಾಗಿ ಕಂಡುಬರುವ ಮಾತು ಒಂದೇ: "ವಾಹನವನ್ನು ಅತಿವೇಗ ಹಾಗೂ ಅಲಕ್ಷ್ಯತನದಿಂದ ಚಲಾಯಿಸಿ". ಚಾಲಕನು ಯಾವ ಕಾರಣದಿಂದ ಅಲಕ್ಷ್ಯ ವಹಿಸಿದನು, ಆ ಕ್ಷಣದಲ್ಲಿ ಅವನ ಕಣ್ಣು, ಕಿವಿ, ಕೈ ಮತ್ತು ಮನಸ್ಸು ಎಲ್ಲಿದ್ದವು ಎಂಬುದು ಈ ಮಾತಿನಿಂದ ತಿಳಿದುಬರುವುದಿಲ್ಲ. ಚಾಲಕನ ಗಮನ ರಸ್ತೆಯಿಂದ ಬೇರೆಡೆ ಹೋಗಿದ್ದರೆ ಅದನ್ನು ಗುರುತಿಸಿ ಪ್ರತ್ಯೇಕವಾಗಿ ದಾಖಲಿಸುವುದು ತನಿಖೆಯ ದೃಷ್ಟಿಯಿಂದಲೂ, ಮುಂದಿನ ಅಪಘಾತಗಳನ್ನು ತಡೆಯುವ ದೃಷ್ಟಿಯಿಂದಲೂ ಅಗತ್ಯವಾಗಿರುತ್ತದೆ. ಈ ಕುರಿತ ಮುಖ್ಯ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜಿಲ್ಲೆಯ ರಸ್ತೆಗಳು ಮತ್ತು ಸಂಚಾರ

ಕೊಪ್ಪಳ ಜಿಲ್ಲೆಯು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು 1998ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂದಿತು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಅನಂತರ ಇವುಗಳಿಂದಲೇ ಕಾರಟಗಿ, ಕನಕಗಿರಿ ಮತ್ತು ಕುಕನೂರು ತಾಲ್ಲೂಕುಗಳು ರಚನೆಯಾಗಿವೆ. ಗದಗ ಕಡೆಯಿಂದ ಕೊಪ್ಪಳದ ಮೂಲಕ ಹೊಸಪೇಟೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 67 (ಹಿಂದಿನ ಸಂಖ್ಯೆ 63) ಹಾಗೂ ವಿಜಯಪುರ ಕಡೆಯಿಂದ ಕುಷ್ಟಗಿಯ ಮೂಲಕ ಹೊಸಪೇಟೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 (ಹಿಂದಿನ ಸಂಖ್ಯೆ 13) ಜಿಲ್ಲೆಯ ಪ್ರಮುಖ ಮಾರ್ಗಗಳಾಗಿವೆ.

ಈ ರಸ್ತೆಗಳಲ್ಲಿ ದೂರ ಪ್ರಯಾಣದ ಲಾರಿ ಮತ್ತು ಬಸ್ಸುಗಳ ಜೊತೆಗೆ ಸ್ಥಳೀಯ ಸಂಚಾರವೂ ಸೇರಿಕೊಳ್ಳುತ್ತದೆ. ಗಂಗಾವತಿ ಭಾಗದಲ್ಲಿ ಸುಗ್ಗಿಯ ಕಾಲಕ್ಕೆ ಭತ್ತ ಹೊತ್ತ ಟ್ರ್ಯಾಕ್ಟರುಗಳು, ಗಿಣಿಗೇರಾ ಸುತ್ತಮುತ್ತ ಕಾರ್ಖಾನೆಗಳ ಲಾರಿಗಳು, ಕುಷ್ಟಗಿ ಮತ್ತು ಯಲಬುರ್ಗಾ ಭಾಗದಲ್ಲಿ ಕೃಷಿ ಕೂಲಿಕಾರರನ್ನು ಕರೆದೊಯ್ಯುವ ಟಂಟಂ ವಾಹನಗಳು, ಹುಲಿಗಿ, ಅಂಜನಾದ್ರಿ ಮತ್ತು ಆನೆಗೊಂದಿಗೆ ಬರುವ ಯಾತ್ರಿಕರ ವಾಹನಗಳು, ಗವಿಮಠದ ಜಾತ್ರೆಯ ಜನಸಂದಣಿ ಇವೆಲ್ಲವೂ ಒಂದೇ ರಸ್ತೆಜಾಲವನ್ನು ಬಳಸುತ್ತವೆ. ಇಂತಹ ಮಿಶ್ರ ಸಂಚಾರದಲ್ಲಿ ಚಾಲಕನ ಗಮನ ಎರಡು ಮೂರು ಕ್ಷಣ ತಪ್ಪಿದರೂ ಅದರ ಪರಿಣಾಮವನ್ನು ಪಾದಚಾರಿಗಳು ಮತ್ತು ದ್ವಿಚಕ್ರ ವಾಹನ ಸವಾರರು ಅನುಭವಿಸಬೇಕಾಗುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ 1,68,491 ಜನರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು.

ಗಮನಭಂಗ ಎಂದರೇನು

ಸುರಕ್ಷಿತ ಚಾಲನೆಗೆ ಅವಶ್ಯವಾದ ಕೆಲಸಗಳಿಂದ ಚಾಲಕನ ಗಮನವು ಬೇರೊಂದು ಕೆಲಸ, ವಸ್ತು, ವ್ಯಕ್ತಿ ಅಥವಾ ಘಟನೆಯ ಕಡೆಗೆ ಸರಿಯುವುದನ್ನು ಗಮನಭಂಗ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದನ್ನು ನಾಲ್ಕು ವಿಧವಾಗಿ ವಿಂಗಡಿಸಿದೆ.

1. ದೃಷ್ಟಿಯ ಗಮನಭಂಗ: ಮೊಬೈಲ್ ಪರದೆ, ರಸ್ತೆ ಬದಿಯ ಜಾಹೀರಾತು ಫಲಕ, ಜಾತ್ರೆಯ ಮೆರವಣಿಗೆ ಅಥವಾ ಹಿಂದಿನ ಅಪಘಾತದ ಸ್ಥಳವನ್ನು ನೋಡುವುದು.
2. ಶ್ರವಣದ ಗಮನಭಂಗ: ಟ್ರ್ಯಾಕ್ಟರಿನಲ್ಲಿ ದೊಡ್ಡ ಧ್ವನಿಯಲ್ಲಿ ಹಾಡು ಹಾಕುವುದರಿಂದ ಹಿಂದಿನ ವಾಹನದ ಹಾರ್ನ್ ಕೇಳಿಸದಿರುವುದು, ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕಿಕೊಂಡು ಬೈಕ್ ಓಡಿಸುವುದು.
3. ದೈಹಿಕ ಗಮನಭಂಗ: ಕಿವಿ ಮತ್ತು ಭುಜದ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಅಥವಾ ಹೆಲ್ಮೆಟ್ ಒಳಗೆ ತುರುಕಿಕೊಂಡು ಸವಾರಿ ಮಾಡುವುದು, ಒಂದು ಕೈಯಲ್ಲಿ ಗುಟ್ಕಾ ಚೀಟಿ ಹರಿಯುವುದು, ಚಾಲಕನ ಆಸನದಲ್ಲಿಯೇ ಇಕ್ಕೆಲಗಳಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಹ್ಯಾಂಡಲ್ ತಿರುಗಿಸಲು ಜಾಗವಿಲ್ಲದಂತೆ ಮಾಡಿಕೊಳ್ಳುವುದು.
4. ಮಾನಸಿಕ ಗಮನಭಂಗ: ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ದೂರವಾಣಿ ಸಂಭಾಷಣೆಯಲ್ಲಿ ಅಥವಾ ವಾಹನದೊಳಗಿನ ಜಗಳದಲ್ಲಿ ಮುಳುಗಿರುವುದು.

ಮೊಬೈಲ್‌ನಲ್ಲಿ ಸಂದೇಶ ಬರೆಯುವಾಗ ದೃಷ್ಟಿ, ಕೈ ಮತ್ತು ಮನಸ್ಸು ಮೂರೂ ಒಟ್ಟಿಗೆ ರಸ್ತೆಯಿಂದ ದೂರವಾಗುತ್ತವೆ. ವಾಹನ ಚಲಾಯಿಸುತ್ತ ಮೊಬೈಲ್ ಬಳಸುವವರು ಅಪಘಾತಕ್ಕೆ ಒಳಗಾಗುವ ಸಂಭವ ಬಳಸದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಕೈಯಲ್ಲಿ ಹಿಡಿಯದೆ ಮಾತನಾಡುವ ಸಾಧನಗಳಿಂದ ಕೈಗಳು ಮುಕ್ತವಾಗುತ್ತವೆಯೇ ಹೊರತು ಮನಸ್ಸು ಮುಕ್ತವಾಗುವುದಿಲ್ಲ.

ನಿದ್ದೆ, ಆಯಾಸ ಮತ್ತು ಮದ್ಯಪಾನದ ಅಮಲು ಗಮನಭಂಗವಲ್ಲ. ಇವುಗಳಲ್ಲಿಯೂ ಚಾಲಕನು ಎಚ್ಚರ ತಪ್ಪುತ್ತಾನೆ. ಆದರೆ ಅವನ ಗಮನವನ್ನು ಸೆಳೆದ ಬೇರೆ ವಿಷಯವಿರುವುದಿಲ್ಲ. ಪರಿಹಾರ ಕ್ರಮಗಳು ಬೇರೆ ಬೇರೆಯಾದ ಕಾರಣ ಇವುಗಳನ್ನು ಪ್ರತ್ಯೇಕವಾಗಿಯೇ ದಾಖಲಿಸಬೇಕಾಗುತ್ತದೆ.

ಕೆಲವು ಕ್ಷಣಗಳಲ್ಲಿ ಕ್ರಮಿಸುವ ದೂರ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಲಿಸುವ ವಾಹನವು 3 ಸೆಕೆಂಡುಗಳಲ್ಲಿ ಸುಮಾರು 33 ಮೀಟರ್, 60 ಕಿ.ಮೀ. ವೇಗದಲ್ಲಿ 50 ಮೀಟರ್ ಹಾಗೂ 80 ಕಿ.ಮೀ. ವೇಗದಲ್ಲಿ ಸುಮಾರು 67 ಮೀಟರ್ ಕ್ರಮಿಸುತ್ತದೆ. ಕರೆ ಮಾಡಿದವರು ಯಾರೆಂದು ಪರದೆಯ ಮೇಲೆ ನೋಡುವ ಅವಧಿಯಲ್ಲಿ ಹೆದ್ದಾರಿಯ ಮೇಲಿನ ಲಾರಿಯೊಂದು ಒಂದು ಓಣಿಯಷ್ಟು ಉದ್ದವನ್ನು ರಸ್ತೆ ನೋಡದೆಯೇ ದಾಟಿರುತ್ತದೆ. ಬ್ರೇಕ್ ಹಾಕಿದ ನಂತರ ನಿಲ್ಲಲು ಬೇಕಾದ ದೂರ ಇದಕ್ಕೆ ಹೆಚ್ಚುವರಿಯಾಗಿರುತ್ತದೆ.

ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 184 ಅಪಾಯಕಾರಿ ಚಾಲನೆಗೆ ಸಂಬಂಧಿಸಿದೆ. 2019ರ ತಿದ್ದುಪಡಿಯ ಮೂಲಕ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂವಹನ ಸಾಧನದ ಬಳಕೆಯನ್ನು ಈ ಕಲಮಿನ ವಿವರಣೆಯಲ್ಲಿ ಸ್ಪಷ್ಟವಾಗಿ ಸೇರಿಸಲಾಗಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ದಾರಿ ತಿಳಿಯುವುದಕ್ಕಾಗಿ ಮಾತ್ರ ಇಂತಹ ಸಾಧನವನ್ನು ಬಳಸಬಹುದಾಗಿದೆ. ಚಾಲನೆಯ ವೇಳೆ ಮೊಬೈಲ್ ಬಳಕೆಯು ಚಾಲನಾ ಪರವಾನಗಿಯ ಅನರ್ಹತೆಗೂ ಕಾರಣವಾಗಬಹುದು.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಯಲ್ಲಿದೆ. ದುಡುಕಿನ ಚಾಲನೆಗೆ ಕಲಂ 281, ಅನ್ಯರ ಪ್ರಾಣಕ್ಕೆ ಅಪಾಯ ತಂದು ಗಾಯಗೊಳಿಸಿದ್ದಕ್ಕೆ ಕಲಂ 125 ಹಾಗೂ ನಿರ್ಲಕ್ಷ್ಯದಿಂದ ಮರಣವುಂಟುಮಾಡಿದ್ದಕ್ಕೆ ಕಲಂ 106(1) ಅನ್ವಯವಾಗುತ್ತವೆ. ಈ ಯಾವ ಕಲಮಿನಲ್ಲಿಯೂ ಗಮನಭಂಗ ಎಂಬುದು ಪ್ರತ್ಯೇಕ ಅಪರಾಧವಲ್ಲ. ಅದು ನಿರ್ಲಕ್ಷ್ಯವನ್ನು ತೋರಿಸುವ ಸಂಗತಿಯಾಗಿರುತ್ತದೆ.

ದಾಖಲೆಗಳಲ್ಲಿ ಗಮನಭಂಗ ಕಾಣಿಸದಿರಲು ಕಾರಣಗಳು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಯಲ್ಲಿ ಅಪಘಾತಗಳನ್ನು ಅತಿವೇಗ, ಮದ್ಯಪಾನ ಅಥವಾ ಮಾದಕ ವಸ್ತು ಸೇವನೆ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ ಉಲ್ಲಂಘನೆ, ಮೊಬೈಲ್ ಬಳಕೆ ಮತ್ತು ಇತರೆ ಎಂದು ವರ್ಗೀಕರಿಸಲಾಗುತ್ತದೆ. ಮೊಬೈಲ್ ಹೊರತಾದ ಗಮನಭಂಗಕ್ಕೆ ಈ ವರ್ಗೀಕರಣದಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ತೊಡೆಯ ಮೇಲೆ ಕೂರಿಸಿಕೊಂಡ ಮಗುವಿನ ಕಡೆ ತಿರುಗಿದ ಚಾಲಕನ ಪ್ರಕರಣವು "ಅತಿವೇಗ" ಅಥವಾ "ಇತರೆ" ಎಂಬುದರಲ್ಲಿ ಸೇರಿಹೋಗುತ್ತದೆ.

2021ರಲ್ಲಿ ಮೊಬೈಲ್ ಬಳಕೆಯಿಂದಾದ ಅಪಘಾತಗಳಲ್ಲಿ ದೇಶದಾದ್ಯಂತ 1,040 ಜನರು ಮೃತಪಟ್ಟರೆಂದು ದಾಖಲಾಗಿತ್ತು. 2022ರಲ್ಲಿ ಈ ಸಂಖ್ಯೆ ಮೂರು ಸಾವಿರವನ್ನು ಮೀರಿತು. ಒಂದೇ ವರ್ಷದಲ್ಲಿ ಜನರ ಮೊಬೈಲ್ ಬಳಕೆ ಮೂರು ಪಟ್ಟು ಹೆಚ್ಚಿತೆಂದು ನಂಬುವುದು ಕಷ್ಟ. ದಾಖಲಿಸುವ ರೀತಿ ಬದಲಾದಂತೆ ಅಂಕಿಗಳೂ ಬದಲಾಗುತ್ತವೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಮೂರು ಸಾವಿರವನ್ನು ಮೀರಿದ ಈ ಸಂಖ್ಯೆಯೂ ಆ ವರ್ಷದ ಒಟ್ಟು ಮರಣಗಳ ಸುಮಾರು ಶೇ. 2ರಷ್ಟು ಮಾತ್ರ.

ದಾಖಲೆ ಕಡಿಮೆಯಾಗಲು ಇನ್ನಿತರ ಕಾರಣಗಳು ಈ ಕೆಳಕಂಡಂತಿವೆ:

1. ಮದ್ಯಪಾನವನ್ನು ಉಸಿರಿನ ಅಥವಾ ರಕ್ತದ ಪರೀಕ್ಷೆಯಿಂದ ತಿಳಿಯಬಹುದು. ಗಮನಭಂಗವನ್ನು ಅಳೆಯುವ ಉಪಕರಣವಿಲ್ಲ.
2. ಚಾಲಕನು ತನಗೆ ವಿರುದ್ಧವಾಗಿ ತಾನೇ ಹೇಳುವುದು ಅಪರೂಪ. ಹಾಗೆ ಹೇಳುವಂತೆ ಅವನನ್ನು ಬಲವಂತಪಡಿಸಲೂ ಬರುವುದಿಲ್ಲ.
3. ಚಾಲಕನೇ ಮೃತಪಟ್ಟಿದ್ದರೆ ಕೇಳಲು ಯಾರೂ ಇರುವುದಿಲ್ಲ.
4. ಗಾಯಾಳುಗಳನ್ನು ಸಾಗಿಸುವ, ಸಂಚಾರ ತೆರವುಗೊಳಿಸುವ ಗಡಿಬಿಡಿಯಲ್ಲಿ ಸ್ಥಳದ ಸಣ್ಣ ವಸ್ತುಗಳು ಸ್ಥಾನಪಲ್ಲಟವಾಗುತ್ತವೆ.
5. ಒಂದು ಕಾರಣ ಸಿಕ್ಕ ಕೂಡಲೇ ಉಳಿದ ಕಾರಣಗಳನ್ನು ಹುಡುಕುವುದು ನಿಂತುಹೋಗುತ್ತದೆ.

ಅಪಘಾತ ಸ್ಥಳದಲ್ಲಿ ಗಮನಿಸಬೇಕಾದ ಕುರುಹುಗಳು

ಗಾಯಾಳುಗಳ ಪ್ರಾಣರಕ್ಷಣೆಯೇ ಮೊದಲ ಕರ್ತವ್ಯ. ಅನಂತರ ಸ್ಥಳ ಪಂಚನಾಮೆಯ ಕಾಲಕ್ಕೆ ಈ ಕೆಳಗಿನ ಅಂಶಗಳನ್ನು ನೋಡಿ, ಅಳತೆ ಮತ್ತು ಛಾಯಾಚಿತ್ರಗಳೊಂದಿಗೆ ದಾಖಲಿಸುವುದು ಉಪಯುಕ್ತವಾಗಿದೆ.

ಟೈರಿನ ಗುರುತುಗಳು: ಡಿಕ್ಕಿಗೆ ಮೊದಲು ಬ್ರೇಕ್ ಹಾಕಿದ ಅಥವಾ ವಾಹನವನ್ನು ಪಕ್ಕಕ್ಕೆ ತಿರುಗಿಸಿದ ಗುರುತಿಲ್ಲದಿದ್ದರೆ ಚಾಲಕನು ಮುಂದಿನ ಅಪಾಯವನ್ನು ಕಾಣಲಿಲ್ಲವೆಂಬ ಶಂಕೆಗೆ ಎಡೆಯಿದೆ. ಆದರೆ ಇದೊಂದೇ ಸಾಕ್ಷ್ಯವಲ್ಲ. ನಿದ್ದೆಗೆ ಜಾರಿದ ಚಾಲಕನೂ ಬ್ರೇಕ್ ಹಾಕಿರುವುದಿಲ್ಲ. ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆಯುಳ್ಳ ವಾಹನಗಳು ಬ್ರೇಕ್ ಹಾಕಿದರೂ ಸ್ಪಷ್ಟ ಗುರುತು ಬಿಡದಿರಬಹುದು.

ರಸ್ತೆಯ ನೋಟ: ನೇರವಾದ ರಸ್ತೆಯಲ್ಲಿ, ಹಗಲಿನಲ್ಲಿ, ದೂರದಿಂದಲೇ ಕಾಣುತ್ತಿದ್ದ ವಾಹನಕ್ಕೆ ಹಿಂದಿನಿಂದ ಡಿಕ್ಕಿಯಾಗಿದ್ದರೆ ಗಮನಭಂಗದ ಸಾಧ್ಯತೆಯನ್ನು ಪರಿಶೀಲಿಸಬೇಕು. ಅದೇ ಡಿಕ್ಕಿ ರಾತ್ರಿಯಲ್ಲಿ, ಹಿಂಬದಿ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರೇಲರಿಗೆ ಆಗಿದ್ದರೆ ಮಾತು ಬೇರೆಯಾಗುತ್ತದೆ. ರಸ್ತೆಯ ಮೇಲೆ ಒಕ್ಕಲು ಮಾಡಿದ ರಾಶಿ, ಅದರ ಸುತ್ತ ಇಟ್ಟ ಕಲ್ಲುಗಳು ಇದ್ದರೆ ಅವನ್ನೂ ನಮೂದಿಸಬೇಕು.

ವಾಹನದ ಒಳಭಾಗ: ಮೊಬೈಲ್ ಎಲ್ಲಿತ್ತು (ಕೈಯಲ್ಲಿ, ಜೇಬಿನಲ್ಲಿ, ಹಿಡಿಕೆಯಲ್ಲಿ, ಆಸನದ ಕೆಳಗೆ), ಪರದೆಯ ಸ್ಥಿತಿ, ಇಯರ್‌ಫೋನ್, ಧ್ವನಿವರ್ಧಕದ ಸ್ಥಿತಿ, ಚೆಲ್ಲಿದ ಆಹಾರ ಅಥವಾ ಚಹಾ, ಚಾಲಕನ ಪಕ್ಕದಲ್ಲಿ ಕುಳಿತವರ ಸಂಖ್ಯೆ ಇವುಗಳನ್ನು ವಸ್ತುಗಳನ್ನು ಸರಿಸುವ ಮೊದಲೇ ಬರೆದುಕೊಳ್ಳಬೇಕು.

ವಾಹನದ ಯಾಂತ್ರಿಕ ಸ್ಥಿತಿ: ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಯಲ್ಲಿ ಬ್ರೇಕ್ ಅಥವಾ ಸ್ಟೀರಿಂಗ್ ವೈಫಲ್ಯ ಕಂಡುಬಂದಲ್ಲಿ ಗಮನಭಂಗದ ಊಹೆಯನ್ನು ಮರುಪರಿಶೀಲಿಸಬೇಕು.

ದೃಶ್ಯ ದಾಖಲೆಗಳು: ಟೋಲ್ ಘಟಕ, ಪೆಟ್ರೋಲ್ ಬಂಕ್, ಅಂಗಡಿ ಮತ್ತು ಬಸ್ಸುಗಳ ಕ್ಯಾಮೆರಾ ದೃಶ್ಯಗಳು ಕೆಲವೇ ದಿನಗಳಲ್ಲಿ ತಾನಾಗಿಯೇ ಅಳಿಸಿಹೋಗುವ ಸಂಭವವಿರುವುದರಿಂದ ವಿಳಂಬವಿಲ್ಲದೆ ಸಂಗ್ರಹಿಸುವುದು ಅವಶ್ಯ.

ದೂರವಾಣಿ ದಾಖಲೆಗಳ ಬಳಕೆ ಮತ್ತು ಮಿತಿ

ಕರೆ ವಿವರಗಳ ದಾಖಲೆಯಲ್ಲಿ ಕರೆ ಆರಂಭವಾದ ವೇಳೆ ಮತ್ತು ಅವಧಿ ಸೆಕೆಂಡುಗಳ ಲೆಕ್ಕದಲ್ಲಿ ಸಿಗುತ್ತವೆ. 2021ರ ಡಿಸೆಂಬರಿನ ಆದೇಶದಂತೆ ದೂರಸಂಪರ್ಕ ಸಂಸ್ಥೆಗಳು ಈ ದಾಖಲೆಗಳನ್ನು ಕನಿಷ್ಠ 2 ವರ್ಷ ಉಳಿಸಿಕೊಳ್ಳಬೇಕು. ಇವನ್ನು ಸಕ್ಷಮ ಅಧಿಕಾರಿಯ ಮೂಲಕ ಕಾನೂನು ರೀತ್ಯಾ ಮಾತ್ರ ಪಡೆಯಲು ಅವಕಾಶವಿದೆ. ಮೊಬೈಲ್ ವಶಪಡಿಸಿಕೊಳ್ಳುವಾಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ದೃಶ್ಯ ಮತ್ತು ಧ್ವನಿ ಮುದ್ರಣ ಮಾಡಬೇಕು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಈ ದಾಖಲೆಗಳಿಗೂ ಮಿತಿಗಳಿವೆ. ಮೊದಲನೆಯದಾಗಿ, ಅಪಘಾತದ ನಿಖರ ವೇಳೆ ತಿಳಿಯದಿದ್ದರೆ ಕರೆಯ ನಿಖರ ವೇಳೆಯಿಂದ ಪ್ರಯೋಜನವಿಲ್ಲ. "ಸಾಯಂಕಾಲ 7 ಗಂಟೆ ಸುಮಾರಿಗೆ" ಎಂಬ ನಮೂದು ಸಾಲದು; 112 ಅಥವಾ 108ಕ್ಕೆ ಬಂದ ಮೊದಲ ಕರೆ, ಕ್ಯಾಮೆರಾ ದೃಶ್ಯ ಹಾಗೂ ವಾಹನದ ಸ್ಥಳ ನಿಗಾ ಸಾಧನದ ದಾಖಲೆಗಳನ್ನು ತಾಳೆ ನೋಡಿ ವೇಳೆಯನ್ನು ನಿರ್ಧರಿಸಬೇಕು. ಎರಡನೆಯದಾಗಿ, ವಾಟ್ಸಾಪ್ ಮುಂತಾದ ಅಂತರ್ಜಾಲ ಕರೆಗಳು ಮತ್ತು ಸಂದೇಶಗಳು ಸಾಮಾನ್ಯ ಕರೆ ವಿವರದಲ್ಲಿ ಇರುವುದಿಲ್ಲ. ಮೂರನೆಯದಾಗಿ, ಕರೆ ಬಂದಿತ್ತು ಎಂದ ಮಾತ್ರಕ್ಕೆ ಚಾಲಕನು ಅದನ್ನು ಸ್ವೀಕರಿಸಿದ್ದನೆಂದಾಗಲಿ, ಆ ಮೊಬೈಲ್ ಅವನ ಕೈಯಲ್ಲಿಯೇ ಇತ್ತೆಂದಾಗಲಿ ಹೇಳಲಾಗದು. ಪಕ್ಕದಲ್ಲಿದ್ದವರು ಮಾತನಾಡಿರಬಹುದು. ಅಪಘಾತವಾದ ನಂತರ ನೆರವಿಗಾಗಿ ಮಾಡಿದ ಕರೆಯನ್ನು ಅಪಘಾತಕ್ಕೆ ಮೊದಲಿನ ಕರೆಯೆಂದು ತಪ್ಪಾಗಿ ತಿಳಿಯುವ ಸಂಭವವೂ ಉಂಟು.

ಖಚಿತತೆಯ ಹಂತಗಳು

ಬ್ರಿಟನ್ನಿನ ಪೊಲೀಸ್ ಅಪಘಾತ ದಾಖಲಾತಿಯಲ್ಲಿ 2005ರಿಂದ ಒಂದು ಅಪಘಾತಕ್ಕೆ ಗರಿಷ್ಠ ಆರು ಕಾರಣಗಳನ್ನು ನಮೂದಿಸಲು, ಪ್ರತಿಯೊಂದನ್ನು "ಬಹುತೇಕ ಖಚಿತ" ಅಥವಾ "ಸಂಭಾವ್ಯ" ಎಂದು ಗುರುತಿಸಲು ಅವಕಾಶ ಕಲ್ಪಿಸಲಾಯಿತು. ಮೊಬೈಲ್ ಬಳಕೆ, ವಾಹನದೊಳಗಿನ ಗಮನಭಂಗ ಮತ್ತು ವಾಹನದ ಹೊರಗಿನ ಗಮನಭಂಗ ಎಂಬ ಮೂರು ಪ್ರತ್ಯೇಕ ನಮೂದುಗಳು ಅದರಲ್ಲಿದ್ದವು. ನಮ್ಮಲ್ಲಿ ತನಿಖಾ ಟಿಪ್ಪಣಿ ಬರೆಯುವಾಗಲೂ ಇದೇ ತತ್ವವನ್ನು ಅನುಸರಿಸಬಹುದಾಗಿದೆ:

1. ಖಚಿತ: ಒಂದಕ್ಕೊಂದು ಸಂಬಂಧಿಸದ ಎರಡು ಮೂಲಗಳು (ಉದಾಹರಣೆಗೆ ಕ್ಯಾಮೆರಾ ದೃಶ್ಯ ಮತ್ತು ಕರೆ ವಿವರ) ಒಂದೇ ಸಂಗತಿಯನ್ನು ತೋರಿಸಿದಾಗ.
2. ಸಂಭಾವ್ಯ: ಒಂದು ಮೂಲ ಮಾತ್ರವಿದ್ದು, ಅದಕ್ಕೆ ವಿರುದ್ಧವಾದುದು ಕಂಡುಬರದಿದ್ದಾಗ.
3. ತಿಳಿದುಬಂದಿಲ್ಲ: ಪರಿಶೀಲಿಸಿದರೂ ಆಧಾರ ಸಿಗದಿದ್ದಾಗ.
4. ಇರಲಿಲ್ಲ: ಗಮನಭಂಗವಿರಲಿಲ್ಲವೆಂದು ಆಧಾರಸಹಿತ ತಿಳಿದಾಗ.

"ತಿಳಿದುಬಂದಿಲ್ಲ" ಮತ್ತು "ಇರಲಿಲ್ಲ" ಎಂಬ ಎರಡನ್ನು ಒಂದೇ ಎಂದು ಭಾವಿಸಿ ಅಂಕಣವನ್ನು ಖಾಲಿ ಬಿಡುವುದೇ ಅಂಕಿಅಂಶಗಳ ದೊಡ್ಡ ದೋಷವಾಗಿದೆ.

ಒಂದು ಕಲ್ಪಿತ ಉದಾಹರಣೆ

ರಾತ್ರಿ 7-40ರ ವೇಳೆಗೆ ಕುಷ್ಟಗಿ ತಾಲ್ಲೂಕಿನ ಹೆದ್ದಾರಿಯಲ್ಲಿ ಸರಕು ಸಾಗಣೆಯ ವಾಹನವೊಂದು ಮುಂದೆ ಸಾಗುತ್ತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಡಿಕ್ಕಿ ಹೊಡೆದು, ಟ್ರೇಲರಿನಲ್ಲಿದ್ದ ಕೂಲಿಕಾರರೊಬ್ಬರು ಮೃತಪಟ್ಟರೆಂದು ಭಾವಿಸೋಣ. ಬ್ರೇಕ್ ಗುರುತಿಲ್ಲ. ಚಾಲಕನ ಮೊಬೈಲಿನಲ್ಲಿ 7-36ಕ್ಕೆ ಆರಂಭವಾಗಿ 4 ನಿಮಿಷಗಳಿಗಿಂತ ಹೆಚ್ಚು ಕಾಲ ನಡೆದ ಕರೆಯಿದೆ. 112ಕ್ಕೆ ದಾರಿಹೋಕರ ಮೊದಲ ಕರೆ 7-42ಕ್ಕೆ ಬಂದಿದೆ. ಟ್ರೇಲರಿಗೆ ಹಿಂಬದಿ ದೀಪವಿರಲಿಲ್ಲ.

"ಅತಿವೇಗ ಮತ್ತು ಅಲಕ್ಷ್ಯತನ" ಎಂದಷ್ಟೇ ಬರೆದರೆ ಆ ಸ್ಥಳದಲ್ಲಿ ವೇಗತಡೆ ನಿರ್ಮಿಸುವ ಸಲಹೆ ಬರಬಹುದು. ಅದರಿಂದ ಮೊಬೈಲ್ ಬಳಕೆ ನಿಲ್ಲುವುದಿಲ್ಲ, ಟ್ರೇಲರಿಗೆ ದೀಪವೂ ಬರುವುದಿಲ್ಲ. ಮೊಬೈಲ್ ಬಳಕೆ ಎಂದಷ್ಟೇ ಬರೆದರೆ ದೀಪವಿಲ್ಲದ ಟ್ರೇಲರು ಮರುದಿನವೂ ಅದೇ ರಸ್ತೆಗೆ ಬರುತ್ತದೆ. ಮೊಬೈಲ್ ಬಳಕೆಯನ್ನು "ಸಂಭಾವ್ಯ" ಎಂದೂ, ಹಿಂಬದಿ ದೀಪವಿಲ್ಲದಿರುವುದನ್ನು "ಖಚಿತ" ಎಂದೂ ಎರಡನ್ನೂ ಆಧಾರದೊಂದಿಗೆ ನಮೂದಿಸುವುದೇ ಸರಿಯಾದ ದಾಖಲಾತಿ. ಆ ಕರೆಯನ್ನು ಚಾಲಕನೇ ಮಾಡಿದ್ದನೆಂದು ಸಾಕ್ಷಿಯ ಹೇಳಿಕೆ ಅಥವಾ ಕ್ಯಾಮೆರಾ ದೃಶ್ಯದಿಂದ ದೃಢಪಟ್ಟರೆ ಮೊದಲನೆಯದೂ "ಖಚಿತ"ವಾಗುತ್ತದೆ.

ಮೃತಪಟ್ಟ ಚಾಲಕರ ವಿಷಯದಲ್ಲಿ ಎಚ್ಚರಿಕೆ

ಅಪಘಾತದಲ್ಲಿ ಮೃತಪಟ್ಟ ಸವಾರನು ತನ್ನ ಪರವಾಗಿ ಮಾತನಾಡಲಾರನು. ಬದುಕುಳಿದ ಇನ್ನೊಂದು ವಾಹನದ ಚಾಲಕನು "ಅವನು ಮೊಬೈಲ್‌ನಲ್ಲಿ ಮಾತನಾಡುತ್ತಿದ್ದನು" ಎಂದು ಹೇಳಿದ್ದನ್ನೇ ಆಧಾರವಾಗಿಟ್ಟುಕೊಂಡು ದಾಖಲಿಸಿದರೆ, ಮೃತನ ಕುಟುಂಬವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಸಹನಿರ್ಲಕ್ಷ್ಯದ ವಾದವನ್ನು ಎದುರಿಸಬೇಕಾಗಬಹುದು ಮತ್ತು ಪರಿಹಾರದ ಮೊತ್ತ ಕಡಿಮೆಯಾಗಬಹುದು. ದುಡಿಯುವ ಕೈಯನ್ನು ಕಳೆದುಕೊಂಡ ಮನೆಗೆ ಇದು ಎರಡನೆಯ ಪೆಟ್ಟು. ಆದುದರಿಂದ ಹೇಳಿಕೆ ನೀಡಿದವರು ಎಲ್ಲಿದ್ದರು, ಏನನ್ನು ಸ್ವತಃ ಕಂಡರು, ಪ್ರಕರಣದಲ್ಲಿ ಅವರ ಹಿತಾಸಕ್ತಿ ಏನು ಎಂಬುದನ್ನು ಹೇಳಿಕೆಯ ಜೊತೆಯಲ್ಲಿಯೇ ಬರೆಯುವುದು ಅವಶ್ಯ.

ವರದಿಗಳು ಮತ್ತು ಕಾಲಮಿತಿ

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿ, 50 ದಿನಗಳೊಳಗೆ ಮಧ್ಯಂತರ ಅಪಘಾತ ವರದಿ ಹಾಗೂ 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನು ಸಲ್ಲಿಸಬೇಕಾಗಿರುತ್ತದೆ. ಮದ್ರಾಸ್ ಐಐಟಿ ಮತ್ತು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ನೆರವಿನಿಂದ ರೂಪಿಸಲಾದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆ (ಐ-ರ‍್ಯಾಡ್) ಮೊದಲ ಹಂತದಲ್ಲಿ ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸ್, ಸಾರಿಗೆ, ಲೋಕೋಪಯೋಗಿ ಮತ್ತು ಆರೋಗ್ಯ ಇಲಾಖೆಗಳು ಒಂದೇ ಅಪಘಾತದ ಮಾಹಿತಿಯನ್ನು ಇದರಲ್ಲಿ ತುಂಬುತ್ತವೆ.

48 ಗಂಟೆಗಳಲ್ಲಿ ಕರೆ ವಿವರ ಕೈಸೇರಿರುವುದಿಲ್ಲ. ಆದ್ದರಿಂದ ಮೊದಲ ವರದಿಯಲ್ಲಿ "ತಿಳಿದುಬಂದಿಲ್ಲ" ಎಂದಿದ್ದುದನ್ನು ಹೊಸ ಆಧಾರ ದೊರೆತಂತೆ ಮುಂದಿನ ವರದಿಗಳಲ್ಲಿ ತಿದ್ದುವುದು ಮುಖ್ಯ.

ದಾಖಲೆಯ ಉಪಯೋಗ

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯು ಅಪಘಾತಗಳ ಕಾರಣಗಳನ್ನು ಪರಿಶೀಲಿಸುತ್ತದೆ. ಗಮನಭಂಗದ ವಿಧ, ಸ್ಥಳ ಮತ್ತು ವೇಳೆ ಸರಿಯಾಗಿ ದಾಖಲಾಗಿದ್ದರೆ ತಿರುವಿನಲ್ಲಿರುವ ಜಾಹೀರಾತು ಫಲಕ ತೆರವು, ಯಾತ್ರಾ ಸ್ಥಳಗಳಲ್ಲಿ ಮುಂಚಿತ ಮಾರ್ಗಸೂಚಿ ಫಲಕ, ಸುಗ್ಗಿಯ ಕಾಲದ ಟ್ರ್ಯಾಕ್ಟರ್ ತಪಾಸಣೆ, ಕಾರ್ಖಾನೆ ಮತ್ತು ಬಸ್ ಚಾಲಕರ ತರಬೇತಿ ಮುಂತಾದ ಕ್ರಮಗಳನ್ನು ಬೇಕಾದ ಸ್ಥಳದಲ್ಲಿಯೇ ಕೈಗೊಳ್ಳಲು ಸಾಧ್ಯವಾಗುತ್ತದೆ.

ಸಾರ್ವಜನಿಕರ ಸಹಕಾರ

1. ಅಪಘಾತ ಕಂಡಾಗ 112 ಅಥವಾ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕೂಡಲೇ ಕರೆ ಮಾಡುವುದು. ಮೊದಲ ಕರೆಯೇ ಅಪಘಾತದ ವೇಳೆಯನ್ನು ನಿರ್ಧರಿಸಲು ನೆರವಾಗುತ್ತದೆ.
2. ನೆರವು ನೀಡಿದವರಿಗೆ ಮೋಟಾರು ವಾಹನಗಳ ಅಧಿನಿಯಮದ ಕಲಂ 134ಎ ರಕ್ಷಣೆ ನೀಡುತ್ತದೆ. ಅವರು ಹೆಸರು, ವಿಳಾಸ ತಿಳಿಸಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಸ್ವಇಚ್ಛೆಯಿಂದ ಸಾಕ್ಷಿ ಹೇಳಲು ಅವಕಾಶವಿದೆ.
3. ಗಾಯಾಳುವಿನ ರಕ್ಷಣೆಗೆ ಅಗತ್ಯವಿಲ್ಲದ ಹೊರತು ವಾಹನದಲ್ಲಿನ ಮೊಬೈಲ್ ಮತ್ತಿತರ ವಸ್ತುಗಳನ್ನು ಮುಟ್ಟದಿರುವುದು.
4. ಕಂಡದ್ದನ್ನು ಮಾತ್ರ ಹೇಳುವುದು. ಕೇಳಿದ್ದನ್ನು ಕಂಡಂತೆ ಹೇಳದಿರುವುದು.
5. ಮನೆಯವರು ರಸ್ತೆಯಲ್ಲಿದ್ದಾರೆಂದು ತಿಳಿದಾಗ ಪದೇ ಪದೇ ಕರೆ ಮಾಡದಿರುವುದು. ಚಾಲಕರು ಕರೆ ಸ್ವೀಕರಿಸಲೇಬೇಕಾದಲ್ಲಿ ವಾಹನವನ್ನು ರಸ್ತೆ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಮಾತನಾಡುವುದು.

ಅಪಘಾತದ ನಿಜವಾದ ಕಾರಣವನ್ನು ಬರೆದಿಡುವುದರಿಂದ ಹೋದ ಜೀವ ಮರಳಿ ಬಾರದು. ಆದರೆ ಅದೇ ರಸ್ತೆಯಲ್ಲಿ, ಅದೇ ಕಾರಣಕ್ಕೆ ಮತ್ತೊಂದು ಜೀವ ಹೋಗದಂತೆ ನೋಡಿಕೊಳ್ಳಲು ಆ ಬರಹವೇ ಆಧಾರವಾಗುತ್ತದೆ. ಈ ನಿಟ್ಟಿನಲ್ಲಿ ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.